ಯೋಗೀಶಣ್ಣನ ಮುಂಹಲ್ಲು

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಯೋಗೀಶಣ್ಣ ಸುಮ್ಮನೆ ಕೂತದ್ದನ್ನು ಯಾರೂ ನೋಡಿಲ್ಲ. 2012ರ ಬೇಸಿಗೆಯಲ್ಲಂತೂ ಗ್ಯಾಲರಿಯಲ್ಲಿ ಅತ್ತಿಂದಿತ್ತ ತಿರುಗುತ್ತ, ಮೇಲಿನ ಮುಂಹಲ್ಲನ್ನು ನಾಲಗೆಯಿಂದ ತಳ್ಳಿ ತಳ್ಳಿ ನೋಡುತ್ತಿದ್ದರು. ಅದು ಅಲ್ಲಾಡುತ್ತಿತ್ತು. ಬೇರೆಯವರಿಗಾದರೆ ಅದು ಬರೀ ಒಂದು ಹಲ್ಲು. ಇವರು ಕಾರ್ಕಳದ ಕಡೆಯ ಶೇರಿಗಾರರು, ಸ್ಯಾಕ್ಸೋಫೋನ್ ಊದುವವರು. ವಾದ್ಯದ ಮೂತಿಯ ಮೇಲೆ ಮುಂಹಲ್ಲು ಊರಿದರೇ ಇವರಿಗೆ ಸ್ವರ ನಿಲ್ಲುವುದು. ಬದಲಾಪುರದ ತಂಗಿ ಬಾಗಿಯ ಮಗಳ ಮದುವೆ ಹತ್ತಿರ ಬಂದಿತ್ತು. ಧಾರೆಯ ಹೊತ್ತಿಗೆ ಸೋದರಮಾವನೇ ಊದಬೇಕೆಂದು ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು.

"ನಮ್ಮ ಮನೆಯವರ ಹಲ್ಲೇ ಹಾಗೆ ಮಾರಾಯ್ರೆ. ಅಪ್ಪನಿಗೆ ಐವತ್ತಕ್ಕೇ ಬೊಚ್ಚುಬಾಯಿ," ಎನ್ನುತ್ತಿದ್ದರು.

ವಾದ್ಯದ ವಿಷಯದಲ್ಲಿ ಇವರದು ಮಹಾ ಮಡಿ. ಊದಿದ ಮೇಲೆ ಮೂತಿ ಬಿಚ್ಚಿ, ಒಳಗಿನ ಲೋಳೆಯನ್ನು ಬಟ್ಟೆಯಿಂದ ಉಜ್ಜದೆ ಊಟಕ್ಕೆ ಕೂರುವವರಲ್ಲ. ಸ್ವಂತ ಬಾಯಿಗೆ ಆ ಭಾಗ್ಯವಿರಲಿಲ್ಲ. ಬ್ರಷ್ ತಾಗಿದರೆ ವಸಡಿನಿಂದ ರಕ್ತ ಬರುತ್ತದೆಂದು ಅಲ್ಲಿ ಉಜ್ಜುವುದನ್ನೇ ಬಿಟ್ಟು ಉಪ್ಪುನೀರು ಮುಕ್ಕಳಿಸುತ್ತಿದ್ದರು. ಕ್ಲೀನ್ ಮಾಡಿಸಿದರೆ ಇದ್ದ ಹಲ್ಲೂ ಸಡಿಲಾಗುತ್ತದೆಂಬ ವಾದ ಬೇರೆ. ಪಕ್ಕದ ಮನೆಯವನಾದ ನನಗೆ ಕೇಳಿ ಕೇಳಿ ರೇಗಿಹೋಯಿತು. ಕೈಹಿಡಿದು ಎಳೆದುಕೊಂಡೇ ಹೋದೆ.

ಹಲ್ಲಿನ ಡಾಕ್ಟರ್ ಅಪೇಕ್ಷಾ ಮೈಸೂರಿನವರು. ಬಾಯೊಳಗೆ ಕನ್ನಡಿ ಹಿಡಿದು ತೋರಿಸಿದರು.

"ಇದು ಬರೀ ಕೊಳೆ ಅಲ್ಲ ಸರ್. ಬ್ಯಾಕ್ಟೀರಿಯಾ ಹಲ್ಲಿಗೆ ಅಂಟ್ಕೊಂಡು, ಸುತ್ತ ತಾವೇ ಲೋಳೆ ಮಾಡ್ಕೊಂಡು, ಪದರ ಪದರವಾಗಿ ಸಂಸಾರ ಹೂಡಿವೆ. ಮುಕ್ಕಳಿಸಿದ ನೀರು ಮೇಲಿಂದ ಜಾರಿ ಹೋಗುತ್ತೆ. ಉಜ್ಜಿದ್ರೇನೇ ಬಿಡೋದು. ನೀವು ಬಿಟ್ಟ ಕಡೆ ಕಲ್ಲಿನ ಥರ ಗಟ್ಟಿಯಾಗಿದೆ. ವಸಡು ಊದ್ಕೊಂಡು, ಹಲ್ಲು ಹಿಡ್ಕೊಂಡಿರೋ ಮೂಳೆ ಸವೀತಿದೆ."

"ಉಜ್ಜಿದ್ರೆ ರಕ್ತ ಬರ್ತದಲ್ಲ ಡಾಕ್ಟ್ರೆ?"

"ಉಜ್ಜದೆ ಬಿಟ್ಟಿದ್ದಕ್ಕೇ ಬರ್ತಿರೋದು."

ಯೋಗೀಶಣ್ಣ ಮೆಲ್ಲಗೆ, "ವಾದ್ಯದ ಮೂತಿಯಲ್ಲಿ ನಾನು ಉಜ್ಜುದು ಇದನ್ನೇ ಅಲ್ವಾ," ಎಂದರು.

ಕಲ್ಲು ತೆಗೆದ ಮೇಲೆ ಹಲ್ಲು ಇನ್ನಷ್ಟು ಅಲ್ಲಾಡಿತು. ದಾರಿಯುದ್ದಕ್ಕೂ ನನಗೆ ಬೈಗುಳ. ವಸಡು ಬಿಗಿಯಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಆ ಹಲ್ಲಿನ ಮೇಲೆ ಭಾರ ಬೇಡ ಎಂದಿದ್ದರು ಡಾಕ್ಟರ್. ಮದುವೆ ಕಾಯುತ್ತದೆಯೇ? ಯೋಗೀಶಣ್ಣ ಮೇಲ್ದುಟಿಯನ್ನು ಹಲ್ಲಿನಡಿಗೆ ಮಡಚಿ ಊದಲು ಕೂತರು. ಮೊದಲು ಕರು ಅರಚಿದಂತೆ ಕೇಳಿ, ಕೆಳಗಿನ ಮನೆಯವರು ಕಿಟಕಿ ಮುಚ್ಚಿದರು. ತುಟಿ ಬಾತುಕೊಂಡರೂ ಬಿಡಲಿಲ್ಲ.

ಘೋಡಬಂದರ್ ರಸ್ತೆಯ ಹಾಲ್‌ನಲ್ಲಿ ಧಾರೆಯಾಯಿತು. ಯೋಗೀಶಣ್ಣ ಊದಿದರು. ಹಳೆಯ ಚುರುಕು ಇರಲಿಲ್ಲ, ಮೆತ್ತಗಿನ ಒಂದು ನಾದ ಬಂತು. ಮುಗಿದ ಮೇಲೆ ತಂಗಿ ಬಾಗಿ ಎಂದಿನಂತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತ ಬಂದಳು.

"ಅಣ್ಣ, ಅಪ್ಪನೇ ನಾಗಸ್ವರ ಊದಿದ ಹಾಗೆ ಆಯ್ತು. ಹಲ್ಲು ಹೋದ ಮೇಲೆ ಊದ್ತಿದ್ರಲ್ಲ, ಹಾಗೆ."

ಹೊಗಳಿಕೆಗೆ ಅಣ್ಣ ಉಬ್ಬುತ್ತಾರೆಂದುಕೊಂಡೆ. ಅವರ ಕಣ್ಣು ಅವಳ ಸೆರಗಿನ ಮೇಲೆ ನಿಂತು, ಮುಖ ಬಿಳಿಚಿಕೊಂಡಿತು. ತಂಗಿಯ ಆ ಸೆರಗನ್ನು ನಾವೆಲ್ಲ ಇಷ್ಟು ವರ್ಷ ನಾಚಿಕೆ ಎಂದೇ ತಿಳಿದಿದ್ದೆವು. ಅವರು ಅವಳ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

"ಬಾಯಿ ತೆರೆ, ಬಾಗಿ. ರಕ್ತ ಬರ್ತದಾ?"

"ಉಜ್ಜಿದ್ರೆ ಮಾತ್ರ," ಎಂದಳು. "ಅದಕ್ಕೆ ಉಜ್ಜುದೇ ಬಿಟ್ಟಿದ್ದೇನೆ."

ಧಾರೆಯೆರೆಯುವಾಗ ಅಳದಿದ್ದ ಯೋಗೀಶಣ್ಣ ಆಗ ಅತ್ತರು.