ತಿಕ್ಕಿ ತೊಳೆದ ರೀಲು

ಗೆಳೆಯರೇ, ಇವತ್ತು ಯಾರೂ ನನ್ನ ಮುಂದೆ ಸ್ವಚ್ಛತೆಯ ಮಾತೆತ್ತಬೇಡಿ.

ನಾನು ಹಳೆಯ ಸಿನಿಮಾ ರೀಲುಗಳನ್ನು ಹುಡುಕಿ ಕೂಡಿಡುವವನೆಂದು ನಿಮಗೆ ಗೊತ್ತು. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿದ್ದದ್ದು ಭಾಲ್ಕಿಯ ಟೆಂಟ್ ಸಿನಿಮಾದ ಮಾಲೀಕರು ತಾವೇ ತೆಗೆಸಿದ್ದ ಸಂತೆಯ ರೀಲು. ಆಟಕ್ಕೆ ಮುಂಚೆ ಅದನ್ನು ತೋರಿಸುತ್ತಿದ್ದರು. ತಮ್ಮನ್ನು ತಾವೇ ಪರದೆಯ ಮೇಲೆ ನೋಡಲು ಊರೆಲ್ಲ ಮತ್ತೆ ಮತ್ತೆ ಟಿಕೆಟ್ ಕೊಳ್ಳುತ್ತಿತ್ತು. ತಕ್ಕಡಿ ಹಿಡಿದು ನಿಂತ ನನ್ನ ಅಪ್ಪನೂ ಅದರಲ್ಲಿದ್ದ. ಅದರ ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ಆ ಮಾಲೀಕರ ಮಗ ಖಲೀಲ್ ಭಾಯಿ ಮೊನ್ನೆ ಫೋನ್ ಮಾಡಿ, ಆ ರೀಲಿನ ಡಬ್ಬಿ ಸಿಕ್ಕಿದೆ ಎಂದರು. ಇಂದು ಬೀದರಿನಿಂದ ಮೊದಲ ಬಸ್ಸಿಗೇ ಹೋದೆ. ಚಹಾ ಕೊಟ್ಟು, ಡಬ್ಬಿ ತೆರೆದರು. ಒಳಗೆ ಗಾಜಿನಂತೆ ತಿಳಿಯಾದ ಬರೀ ಪಟ್ಟಿ.

"ಖಲೀಲ್ ಭಾಯಿ, ಇದರಾಗಿನ ಚಿತ್ರ ಎಲ್ಲಿ ಹೋದ್ವು?"

"ಚಿತ್ರ ಎಲ್ಲೀದ್ರಿ ಸರ್? ಬರೇ ಕರೀ ಹೊಲಸು ಹತ್ತಿತ್ತು. ಬಿಸಿನೀರಾಗ ಸೋಡಾ ಹಾಕಿ ತಿಕ್ಕಿ ತಿಕ್ಕಿ ಕೈ ಬಿದ್ದು ಹೋದ್ವು ನೋಡ್ರಿ. ನಿಮ್ಮಂಥವರಿಗಿ ಹೊಲಸು ಸಾಮಾನು ಹ್ಯಾಂಗ ಕೊಡ್ಲಿ?"

"ಅಲ್ರೀ, ಟೆಂಟ್ ಮಾಲೀಕರ ಮಗ ಆಗಿ, ಆ ಕರೀದೇ ಚಿತ್ರ ಅಂತ ಇಷ್ಟೂ ತಿಳೀಲಿಲ್ಲೇನು?"

"ನಮ್ಮ ಅಬ್ಬಾ ಇರೋತನಕ ಡಬ್ಬಿ ಮುಟ್ಟಲಿಕ್ಕೇ ಬಿಡ್ಲಿಲ್ರಿ. ಹಾಳು ಮಾಡ್ತಿ ಅಂತಿದ್ರು."

ನಾನು ಪಟ್ಟಿಯನ್ನು ಬಾಗಿಲ ಬೆಳಕಿಗೆ ಹಿಡಿದೆ. ಅದರ ಮೂಲಕ ಇವತ್ತಿನ ಭಾಲ್ಕಿಯ ಬಜಾರು ಒಂದು ಕಲೆಯೂ ಇಲ್ಲದೆ ಕಾಣಿಸಿತು. ಅಪ್ಪ ಒಬ್ಬ ಇರಲಿಲ್ಲ, ಅಷ್ಟೇ.