ನಾಲ್ಕು ಮೃಗಗಳು ಮತ್ತು ಒಂದು ಕಣ್ಣು

ಕಾನ್ವೆಂಟಿನಲ್ಲಿ ಹತ್ತಿದ ಹಿಸ್ಟರಿಯ ಹುಚ್ಚು ಈ ವಯಸ್ಸಿನಲ್ಲೂ ನನ್ನನ್ನು ಬಿಟ್ಟಿಲ್ಲ. ರಿಟೈರ್ ಆದ ಮೇಲೆ ಗುರುವಾರಕ್ಕೊಮ್ಮೆ ಬೀದರಿನಿಂದ ಭಾಲ್ಕಿಗೆ ಹೋಗಿ, ಅಲ್ಲಿನ ಚರ್ಚಿನ ಹೆಂಗಸರಿಗೆ ಹಳೆಯ ಯೆಹೂದಿ ಪ್ರವಾದನೆಗಳನ್ನು ಬಿಡಿಸಿ ಹೇಳುತ್ತೇನೆ. ಪ್ರವಾದಿ ಕನಸಿನಲ್ಲಿ ಕಂಡ ನಾಲ್ಕು ಮೃಗಗಳನ್ನು ಬೋರ್ಡಿನ ಮೇಲೆ ಬರೆದು, ಇದು ಬಾಬಿಲೋನ್, ಇದು ಪರ್ಷಿಯ, ಇದು ಗ್ರೀಸ್, ಇದು ರೋಮ್ ಎಂದು ಒಂದೊಂದಕ್ಕೂ ಎಂಪೈರ್ ಹೊಂದಿಸುವಾಗ ನನಗೆ ಭಕ್ತಿಗಿಂತ ಹೆಮ್ಮೆಯೇ ಹೆಚ್ಚು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಹೋದ ವರ್ಷ ಎಲ್ಲರ ಫೋನಿನಲ್ಲೂ ಇಸ್ರೇಲಿನ ಯುದ್ಧದ ವಿಡಿಯೋ. "ಮುಂದೇನ್ರಿ ಟೀಚರ್ ಬಾಯಿ?" ಎಂದು ಕೇಳಿದರು. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಲೋಕ ಮುಗಿಯೋ ಗುರುತು ಎಲ್ಲಾ ಕಂಪ್ಲೀಟ್ ಆಗ್ಯಾವ. ಮುಂದಿನ ಸುಗ್ಗಿ ಕಾಣೋದು ಡೌಟ್" ಎಂದುಬಿಟ್ಟೆ.

ಖಟಕ ಚಿಂಚೋಳಿಯಿಂದ ಬಸ್ಸಿಗೆ ಬರುತ್ತಿದ್ದ, ಕುರಿ ಸಾಕಿಕೊಂಡಿದ್ದ ವಿಧವೆಯೊಬ್ಬಳು ಅದನ್ನು ಮನಸ್ಸಿಗೆ ಹಾಕಿಕೊಂಡಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಔರಾದಿನಲ್ಲಿರುವ ಮಗಳು ಅಲ್ಲಿನ ಕಣ್ಣಿನ ಕ್ಯಾಂಪಿನಲ್ಲಿ ಆಪರೇಷನ್ನಿಗೆ ಹೆಸರು ಬರೆಸಿದ್ದಳು. ತಾಯಿ ಹೋಗಲಿಲ್ಲ. ಎಷ್ಟೋ ತಿಂಗಳ ಮೇಲೆ ಮಗಳು ನನಗೆ ಫೋನ್ ಮಾಡಿದಳು.

"ಯೇಸುಸ್ವಾಮಿ ಬಂದು ಹೊಸ ಮೈ ಕೊಡ್ತಾನ, ಹಳೀ ಕಣ್ಣಿಗಿ ಯಾಕ ಕತ್ತರಿ ಅಂತಾಳ್ರಿ. ನೀವೇ ಹೇಳೀರಂತ. ಈಗ ಬಲಗಣ್ಣು ನೋವಂತ ಅಳ್ತಾಳ. ನೀವೇ ಬಂದು ಹೇಳ್ರಿ."

ಮರುದಿನ ಖಟಕ ಚಿಂಚೋಳಿಗೆ ಹೋದೆ. ತಾಯಿ ಮನೆಯ ಮುಂದೆ ಕೂತಿದ್ದಳು. ನನ್ನನ್ನು ದನಿಯಿಂದ ಗುರುತಿಸಿದಳು. ಇನ್ನೊಬ್ಬ ಪ್ರವಾದಿಯ ಮಾತು ಹೇಳಿದೆ. ಬಾಬಿಲೋನಿಗೆ ಸೆರೆಹೋದ ಯೆಹೂದಿಗಳಿಗೆ ಕೆಲವರು ಇಷ್ಟರಲ್ಲೇ ಬಿಡುಗಡೆ ಎಂದು ಆಸೆ ತೋರಿಸುತ್ತಿದ್ದರು. ಇವನು ಮಾತ್ರ, ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ ಎಂದು ಹೇಳಿ ಕಳಿಸಿದ. ಹಿಸ್ಟರಿಯಲ್ಲಿ ನಿಜವಾದದ್ದು ಇವನ ಮಾತೇ.

"ಇದು ನಿಮಗ ಆಗ ಗೊತ್ತಿರಲಿಲ್ಲೇನ್ರಿ ಬಾಯಿ?"

"ಗೊತ್ತಿತ್ತಕ್ಕಾ."

"ಮತ್ತ ನಿಮ್ಮ ಕಣ್ಣು? ನೀವು ಆಪರೇಷನ್ ಮಾಡಿಸ್ಕೊಂಡೀರಂತಲ್ಲ."

ಮಾಡಿಸಿಕೊಂಡಿದ್ದೆ. ಸುಗ್ಗಿಯ ಮಾತು ಆಡಿದ ಮುಂದಿನ ವಾರವೇ, ಬೀದರಿನಲ್ಲಿ, ಒಳ್ಳೆಯ ಲೆನ್ಸ್ ಆರಿಸಿ. ಲೋಕ ಮುಗಿಯುವುದು ನನ್ನ ಅಪಾಯಿಂಟ್‌ಮೆಂಟಿಗೆ ಅಡ್ಡ ಬಂದಿರಲಿಲ್ಲ.

"ಸ್ವಾಮಿ ಬಂದಾಗ ನೋಡ್ಲಾಕ ನಿಮಗೊಬ್ಬರಿಗೇ ಕಣ್ಣು ಬೇಕಾಗಿತ್ತೇನ್ರಿ?" ಎಂದು ನಕ್ಕಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೀದರಿಗೆ ಕರೆತಂದೆ. ಪೊರೆ ಬಲಿತು, ಕಣ್ಣೊಳಗೆ ಒತ್ತಡ ಏರಿ ಬಲಗಣ್ಣು ಹೋಗಿದೆ ಎಂದರು ಡಾಕ್ಟರು. ಎಡಗಣ್ಣಿಗೆ ಆಪರೇಷನ್ ಆಗುವಾಗ ನಾನೂ ಮಗಳೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಅವಳು ನನಗೆ ಚಹಾ ತಂದುಕೊಟ್ಟಳು. ಎಡಗಣ್ಣು ಉಳಿಯಿತು.

ತಾಯಿ ಈಗ ಮತ್ತೆ ಗುರುವಾರದ ಪಾಠಕ್ಕೆ ಬರುತ್ತಾಳೆ. ಬರದಿದ್ದರೇ ಚೆನ್ನಾಗಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದಕ್ಕೂ ನಾಚಿಕೆಯಾಗುತ್ತದೆ. ಯಾವ ವಚನಕ್ಕೆ ಅರ್ಥ ಹೇಳಿದರೂ ಉಳಿದ ಕಣ್ಣನ್ನು ನನ್ನ ಕಡೆ ತಿರುಗಿಸಿ ಕೇಳುತ್ತಾಳೆ: "ಇದು ಪ್ರವಾದಿ ಹೇಳಿದ್ದೇನ್ರಿ, ನೀವು ಹೇಳೋದೇನ್ರಿ?"

ಮಿಕ್ಕವರು ನಗುತ್ತಾರೆ.

"ನಾ ಹೇಳೋದು, ಅಕ್ಕಾ" ಎನ್ನುತ್ತೇನೆ, ಎಲ್ಲರಿಗೂ ಕೇಳುವ ಹಾಗೆ.