ಮಾವನ ಕಾರಿನ ಕೆಂಪು ದೀಪ

ನನ್ನ ಸೋದರಮಾವನ ಎಡಗಿವಿಯ ಮೇಲರ್ಧ ಇರಲಿಲ್ಲ. ಉಳಿದರ್ಧ ಕೆಂಡಕ್ಕೆ ಹಿಡಿದ ಹಪ್ಪಳದ ಅಂಚಿನಂತೆ ಮುದುರಿಕೊಂಡಿತ್ತು. ನಾಗಮಂಗಲದ ಕಡೆ ನಮ್ಮಮ್ಮನ ತವರೂರಿನಲ್ಲಿ, ಬದುವಿನ ಮೇಲಿನ ತೆಂಗಿನ ಸಾಲು ಯಾರದೆಂಬ ಜಗಳದಲ್ಲಿ, ಅವನ ಚಿಕ್ಕಪ್ಪನ ಮಗನೇ ಮಚ್ಚು ಬೀಸಿದ್ದ. ಕುತ್ತಿಗೆಗೆ ಗುರಿಯಿಟ್ಟ ಏಟು ಕಿವಿಗೆ ಬಿತ್ತು. ಮಾವ ಇದನ್ನು ನಗುತ್ತಲೇ ಹೇಳುತ್ತಿದ್ದ. "ಅರ್ಧ ಕಿವಿ ಸಾಕು ಕಣವ್ವ. ಜನ ಆಡಾದ್ರಲ್ಲಿ ಅಷ್ಟ್ ಕೇಳುಸ್ಕಂಡ್ರೂ ಎಚ್ಚೇ ಆಯ್ತದೆ."

ಮಾವನೇನೂ ಸಾಧುವಲ್ಲ. ಅದೇ ಜಗಳದಲ್ಲಿ ಅವನು ಗುದ್ದಲಿ ಕಾವಿನಿಂದ ಕೊಟ್ಟ ಏಟಿಗೆ ಆ ದಾಯಾದಿಯ ಕಾಲು ಮುರಿದು, ಅವನು ಇವತ್ತಿಗೂ ಕುಂಟುತ್ತಾನೆ. ಸಂಬಂಧದಲ್ಲಿ ಇಬ್ಬರೂ ನನಗೆ ಮಾವಂದಿರೇ.

ನಮ್ಮಪ್ಪ ಬೇಗ ತೀರಿಕೊಂಡಿದ್ದರು. ನನ್ನನ್ನು ಓದಿಸಿ ಟೀಚರ್ ಮಾಡಿದವನು ಈ ಮಾವ. ಕೆ.ಆರ್. ಪೇಟೆ ಹತ್ತಿರದ ಹಳ್ಳಿ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕ ಮೇಲೆ, ಪ್ರತಿ ಶನಿವಾರ ತನ್ನ ಹಳೇ ಕಾರಿನಲ್ಲಿ ಬಂದು, ಶ್ರೀರಂಗಪಟ್ಟಣದಲ್ಲಿದ್ದ ಅಮ್ಮನ ಮನೆಗೆ ಬಿಟ್ಟು ಹೋಗುತ್ತಿದ್ದ. ದಾರಿಯುದ್ದಕ್ಕೂ ಅವನು ಯಾರ ಮೇಲೆ ಎರಗುತ್ತಾನೋ ಎಂದು ನಾನು ನೋಡುತ್ತ ಕೂರಬೇಕಿತ್ತು. ಒಮ್ಮೆ ರೈಲ್ವೆ ಸ್ಟೇಷನ್ನಿನ ಮುಂದೆ ಆಟೋದವನೊಬ್ಬ ನಮ್ಮ ಬಾಗಿಲಿಗೆ ಉಜ್ಜಿದ. ಮಾವ ಇಳಿದವನೇ ಅವನನ್ನು ಹೊರಗೆಳೆದು, ಮೂಗಿನಲ್ಲಿ ರಕ್ತ ಬರುವ ಹಾಗೆ ಗುದ್ದಿದ. ಆಮೇಲೆ ತಾನೇ ನೀರು ತಂದು ಅವನ ಮುಖ ತೊಳೆದು, ತನ್ನ ಟವೆಲ್ ಕೊಟ್ಟು ಬಂದ. ಯಾಕೆ ಮಾವ ಹೀಗೆ ಎಂದರೆ, "ಈ ಕೈ ನನ್ ಮಾತ್ ಕೇಳಾಕಿಲ್ಲ ಕಣವ್ವ" ಎಂದ. ನನಗೆ ಅವನ ಮೇಲೆ ಪ್ರಾಣವಿತ್ತು. ಅವನ ಭಯವೂ ಅಷ್ಟೇ ಇತ್ತು.

ಆ ಕಾರಿನ ಮೀಟರಿನ ಪಕ್ಕದಲ್ಲಿ ಒಂದು ಕೆಂಪು ದೀಪ ಸದಾ ಉರಿಯುತ್ತಿತ್ತು. ಅದರ ಮೇಲೆ ಕುಳಿತ ಮನುಷ್ಯನ ಚಿತ್ರ, ಅವನ ಎದುರಿಗೊಂದು ಗುಂಡು. ನಾಗಮಂಗಲದ ಮೆಕ್ಯಾನಿಕ್ ಬ್ಯಾಟರಿ ಬಿಚ್ಚಿ ಹಾಕಿದ, ದೀಪ ಆರಲಿಲ್ಲ. ಕೆ.ಆರ್. ಪೇಟೆಯ ಎಲೆಕ್ಟ್ರಿಷಿಯನ್ ಫ್ಯೂಸುಗಳನ್ನೆಲ್ಲ ನೋಡಿ, "ಬಲ್ಬೇ ಕಿತ್ತಾಕ್ಬುಡ್ಲಾ?" ಎಂದು ಕೇಳಿ ಬೈಸಿಕೊಂಡ. ಅದು ಏರ್‌ಬ್ಯಾಗಿನ ದೀಪ, ಉರಿಯುತ್ತಿದ್ದರೆ ಡಿಕ್ಕಿಯಾದಾಗ ಬಲೂನು ಬಿಚ್ಚಿಕೊಳ್ಳುವ ಭರವಸೆಯಿಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ, ನಾನೇ ಹಟ ಹಿಡಿದು ಪಾಂಡವಪುರದ ಗ್ಯಾರೇಜಿಗೆ ಕಾರು ಒಯ್ಯಿಸಿದೆ.

ಅಲ್ಲಿನ ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿ ನೋಡಿ, "ಡ್ರೈವರ್ ಸೀಟಿನ ಕೆಳಗಡೆ ವೈರು ಅಣ್ಣ" ಎಂದು ಮಂಡಿಯೂರಿ ಸೀಟಿನಡಿ ಕೈ ಹಾಕಿದ. ಮಾವ ಹಿಂದಿನಿಂದ ಅವನ ಕತ್ತುಪಟ್ಟಿ ಹಿಡಿದು ಎಳೆದು ನೆಲಕ್ಕೆ ಎಸೆದ.

"ಸೀಟ್ ಮುಟ್ಟಿದ್ರೆ ಕೈ ಮುರೀತೀನಿ ಕಣ್ಲಾ!"

ಆ ಎಳೆದಾಟದಲ್ಲಿ ಗೋಣಿತಾಟಿನಲ್ಲಿ ಸುತ್ತಿದ್ದ ಮಚ್ಚೊಂದು ಸೀಟಿನಡಿಯಿಂದ ಜಾರಿ ಮಾವನ ಕಾಲ ಬಳಿ ಬಿತ್ತು. ಮೆಕ್ಯಾನಿಕ್ ಬಿದ್ದಲ್ಲಿಂದಲೇ ಎದ್ದು ಕುಳಿತು, ಮೊಣಕೈಯ ರಕ್ತ ಒರೆಸಿಕೊಳ್ಳುತ್ತ ಹೇಳಿದ:

"ಅಣ್ಣ, ನೀವ್ ಇದ್ನ ಎಳ್ದು ತುರುಕ್ದಾಗೆಲ್ಲ ಆ ವೈರು ಕಿತ್ಕತಾ ಅದೆ. ಇಷ್ಟೇಯ."

ಕಿವಿ ಹೋದ ದಿನದಿಂದ ಮಾವ ಅದನ್ನು ಬಿಟ್ಟು ಮನೆಯಿಂದ ಹೊರಗೆ ಹೊರಟೇ ಇರಲಿಲ್ಲವಂತೆ. ನಾನು ಬ್ಯಾಗು ತೆಗೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಅವನು ಓಡಿ ಬಂದು ಅಡ್ಡ ನಿಂತ.

"ಅದಿಲ್ದೆ ಓಗೋದು ಅಂದ್ರೆ ನಂಗೆ ಬೆತ್ತಲೆ ಓದಂಗಾಯ್ತದೆ ಕಣವ್ವ."

"ಅದನ್ನ ಪಕ್ಕದಲ್ಲಿಟ್ಕೊಂಡು ಬರೋಕೆ ನನಗಾಗಲ್ಲ ಮಾವ. ನಾನೋ, ಅದೋ, ಹೇಳು."

ಮಾವ ಹಿಂತಿರುಗಿ ಹೋಗಿ ಮಚ್ಚನ್ನು ಡಿಕ್ಕಿಯೊಳಗೆ ಎಸೆದು ಧಡಾರನೆ ಮುಚ್ಚಿದ. ಮೆಕ್ಯಾನಿಕ್ ವೈರು ಸೇರಿಸಿ ಬಿಗಿದು ಕಟ್ಟಿದ. ದೀಪ ಆರಿತು.

ಕೆಲವು ವಾರಗಳಾಗಿದ್ದವು. ಒಂದು ಶನಿವಾರ ಮಧ್ಯಾಹ್ನ ಹೊಸಹೊಳಲು ದಾಟಿ ಬರುತ್ತಿದ್ದೆವು. ಎರಡೂ ಕಡೆ ಕಬ್ಬು. ಎದುರಿನಿಂದ ಬಂದ ಗೂಡ್ಸ್ ಟೆಂಪೋ ಇದ್ದಕ್ಕಿದ್ದಂತೆ ನಮ್ಮ ಮೇಲೇ ತಿರುಗಿತು. ಢಮಾರೆಂದ ಸದ್ದಿನ ಜೊತೆಗೇ ಮುಖಕ್ಕೆ ಯಾರೋ ದಿಂಬಿನಿಂದ ಗುದ್ದಿದಂತಾಯಿತು. ಕಣ್ಣು ಬಿಟ್ಟಾಗ ಮುಂದೆ ಬಿಚ್ಚಿಕೊಂಡ ಬಲೂನು, ಬಿಳಿ ಧೂಳು, ಸುಟ್ಟ ವಾಸನೆ, ಬಾಯಲ್ಲಿ ರಕ್ತ. ನನ್ನ ಕಡೆಯ ಬಾಗಿಲು ನುಜ್ಜಾಗಿ ತೆರೆಯುತ್ತಿರಲಿಲ್ಲ.

ಟೆಂಪೋದಿಂದ ಕಬ್ಬಿಣದ ಸಲಾಕೆ ಹಿಡಿದು ಆ ದಾಯಾದಿ ಕುಂಟುತ್ತ ಇಳಿದ. "ಈಚೆಗ್ ಬಾರ್ಲಾ! ಇವತ್ ನೀನೋ ನಾನೋ!"

ಮಾವನ ಕೈ ತಾನಾಗಿ ಸೀಟಿನಡಿ ಹೋಯಿತು. ಅಲ್ಲೇನಿರಲಿಲ್ಲ. ಹೊರಗಿಳಿದು ಡಿಕ್ಕಿಯ ಕಡೆ ನೋಡಿದ. ನಾನೂ ನೋಡಿದೆ. ಅಲ್ಲಿಗೆ ಹೋಗಬೇಕಾದರೆ ನನ್ನನ್ನು ಬಿಟ್ಟು ಹಿಂದಕ್ಕೆ ಹೋಗಬೇಕು. ಅಷ್ಟರಲ್ಲಿ ಆ ದಾಯಾದಿ ನನ್ನ ಕಿಟಕಿಗೆ ಬಂದಿರುತ್ತಿದ್ದ. ಮಾವ ಡಿಕ್ಕಿಗೆ ಹೋಗಲಿಲ್ಲ. ಸುತ್ತಿ ಬಂದು, ನನ್ನ ಬಾಗಿಲಿಗೆ ಬೆನ್ನು ಕೊಟ್ಟು, ಬರಿಗೈಯಲ್ಲಿ ನಿಂತ.

ಮೊದಲ ಏಟಿಗೆ ಅವನ ಬಲಗೈ ಮುರಿದ ಸದ್ದು ನನಗೆ ಕೇಳಿಸಿತು. ಎರಡನೆಯದು ಭುಜಕ್ಕೆ. ಕುಸಿದರೂ ಬಾಗಿಲು ಬಿಡಲಿಲ್ಲ. ಸಲಾಕೆ ತಲೆಯ ಮೇಲೆ ಎದ್ದಾಗ ನಾನು "ಮಾವಾ!" ಎಂದು ಕಿರುಚಿದೆ.

ಇಬ್ಬರೂ ತಿರುಗಿ ನೋಡಿದರು.

ಸಲಾಕೆ ಗಾಳಿಯಲ್ಲೇ ನಿಂತಿತು. ಆ ದಾಯಾದಿಗೆ ನಾನು ಒಳಗಿರುವುದು ಆಗಲೇ ತಿಳಿದದ್ದು. ನನ್ನ ಮುಖದ ರಕ್ತವನ್ನು ನೋಡುತ್ತ, "ಅಕ್ಕನ ಮಗಳ್ಲಾ ಇದು?" ಎಂದ. ಸಲಾಕೆಯನ್ನು ಕಬ್ಬಿನೊಳಗೆ ಎಸೆದು, ರಸ್ತೆಯಂಚಿನಲ್ಲಿ ತಲೆ ಹಿಡಿದುಕೊಂಡು ಕುಳಿತುಬಿಟ್ಟ. ಪೊಲೀಸರು ಬರುವವರೆಗೂ ಎದ್ದಿರಲಿಲ್ಲ.

ಆಸ್ಪತ್ರೆಗೆ ಊರ ಹುಡುಗರು ಗುಂಪು ಕಟ್ಟಿಕೊಂಡು ಬಂದರು. "ಊಂ ಅನ್ನು ದೊಡ್ಡಪ್ಪ, ಅವ್ನ್ ಮನೇವ್ರನ್ನ ಇವತ್ತೇ ಮುಗುಸ್ಬುಡಾನ." ಮಾವ ಎಡಗೈಗೆ ಸಿಕ್ಕಿದ ಸ್ಟೀಲಿನ ಲೋಟವನ್ನು ಅವರತ್ತ ಬೀಸಿದ. ಒಬ್ಬನ ಹಣೆ ಒಡೆಯಿತು. "ಮೊದ್ಲು ನನ್ನ ಮುಗ್ಸಿ ಓಗ್ರಲಾ!"

ಕೋರ್ಟಿನಲ್ಲಿ ಏನು ಹೇಳಲಿ ಎಂದು ನಾನು ಕೇಳಿದೆ. "ಕಂಡಿದ್ದ ಏಳು. ಅವ್ನ್ ಕಾಲ್ ಮುರ್ದೋನು ನಾನು, ಅದ್ನೂ ಸೇರ್ಸಿ ಏಳು" ಎಂದ. ಹಾಗೆಯೇ ಹೇಳಿದೆ. ದಾಯಾದಿಗೆ ಶಿಕ್ಷೆಯಾಯಿತು, ಮುಗಿಸಿಕೊಂಡು ಬಂದ. ಮಾವನ ಬಲಗೈ ಮತ್ತೆ ನೆಟ್ಟಗಾಗಲಿಲ್ಲ. ಉಣ್ಣುವುದನ್ನೂ ಎಡಗೈಯಲ್ಲೇ ಕಲಿತ. ಕೆ.ಆರ್. ಪೇಟೆಯ ರಸ್ತೆಯಲ್ಲಿ ಅವನು ನನಗಾಗಿ ಏನು ಬಿಟ್ಟುಕೊಟ್ಟನೋ, ಅದನ್ನು ತೀರಿಸುವ ದಾರಿ ನನಗೆ ಇವತ್ತಿಗೂ ತಿಳಿದಿಲ್ಲ.

ಹೋದ ವರ್ಷ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಮಾವ ಹಾಗೇ ಕುಸಿದು ತೀರಿಹೋದ. ತೋಟದಲ್ಲಿ ಗುಂಡಿಗಿಳಿಸಿ ಎಲ್ಲರೂ ಮಣ್ಣು ಹಾಕುತ್ತಿದ್ದಾಗ, ಬದುವಿನ ಮೇಲೆ ಆ ದಾಯಾದಿ ಕುಂಟುತ್ತ ಬರುವುದು ಕಂಡಿತು. ಹುಡುಗರು ಕಲ್ಲು ಹೆಕ್ಕಿದರು. ಮಾವನ ಹೆಂಡತಿ, ನಮ್ಮತ್ತೆ, ಅವರನ್ನು ತಳ್ಳಿ ಮುಂದೆ ಹೋದಳು. ಗಂಡನ ಮುಂದೆ ಎಂದೂ ದನಿಯೆತ್ತಿದವಳಲ್ಲ. ಆ ದಾಯಾದಿಯ ಕೆನ್ನೆಗೆ ಒಂದು ಬಿಗಿದಳು. ಅವನು ತಲೆಯೆತ್ತಲಿಲ್ಲ. ಇನ್ನೊಂದು ಬಿಗಿದಳು. ತುಟಿಯೊಡೆದು ರಕ್ತ ಅಂಗಿಯ ಮೇಲೆ ಬಿತ್ತು.

ಆಮೇಲೆ ಬಗ್ಗಿ, ಒಂದು ಹಿಡಿ ಮಣ್ಣು ತೆಗೆದು ಅವನ ಕೈಗೆ ತುರುಕಿದಳು.

"ಊಂ, ಈಗ ಆಕು ನಿಮ್ಮಣ್ಣಂಗೆ."